ಓಕ್ ಬ್ರೂಕಿನಲ್ಲಿ ಎಲ್ಲರಿಗೂ ಮಂಡಿನೋವಿದ್ದ ಚಳಿಗಾಲ

ಹೋದ ತಿಂಗಳು, ನಾನೀಗ ಕೆಲಸ ಮಾಡುವ ಟ್ರಾಯ್‌ನ ಅರ್ಜೆಂಟ್ ಕೇರ್ ಕ್ಲಿನಿಕ್ಕಿಗೆ ತಾತನೊಬ್ಬರು ಬಂದರು. ಮಗನ ಮನೆಯ ಗ್ಯಾರೇಜ್ ಬಾಗಿಲು ಪೂರ್ತಿ ಮೇಲೇರುವ ಮುಂಚೆಯೇ ನುಗ್ಗಿ ನೆತ್ತಿಗೆ ಪೆಟ್ಟು ಮಾಡಿಕೊಂಡಿದ್ದರು. ಗಾಯ ಸಣ್ಣದೇ. ಅದರ ಸುತ್ತ ಸ್ಪಿರಿಟ್ ಹತ್ತಿಯಿಂದ ಒರೆಸಲು ಹೋದೆ. ತಾತ ಬೆಳಿಗ್ಗೆ ತಾನೇ ತಲೆಗೆ ಕೊಬ್ಬರಿ ಎಣ್ಣೆ ಹಚ್ಚಿಕೊಂಡಿದ್ದರು. ಎಣ್ಣೆಯ ಘಮವೂ ಸ್ಪಿರಿಟ್ಟಿನ ಘಾಟೂ ಕೂಡಿ ಮೂಗಿಗೆ ಬಡಿಯಿತು ನೋಡಿ, ನನ್ನ ಕೈ ಹಾಗೇ ನಿಂತುಬಿಟ್ಟಿತು.

“ಯಾಕಮ್ಮಾ, ಜಾಸ್ತಿ ಆಗಿದ್ಯಾ?” ಎಂದು ತಾತ ಗಾಬರಿಯಾದರು.

“ಇಲ್ಲ ತಾತ, ಏನೋ ನೆನಪಾಗಿ ನಗು ಬಂತು.”

“ನನ್ನ ತಲೆ ನೋಡಿ ನಗೋದು ನನ್ನ ಮೊಮ್ಮಕ್ಕಳು ಮಾತ್ರ ಅಂದ್ಕೊಂಡಿದ್ದೆ,” ಎಂದರು ಅವರು.

ಆ ವಾಸನೆ ನನ್ನ ಪಾಲಿಗೆ ಓಕ್ ಬ್ರೂಕಿನದು, ಅಲ್ಲಿ ಕಳೆದ ಒಂದೇ ಒಂದು ಚಳಿಗಾಲದ್ದು. ನಾನು ಹುಟ್ಟಿ ಬೆಳೆದದ್ದು ಡೆಟ್ರಾಯ್ಟಿನ ಮಗ್ಗುಲಿನ ಕ್ಯಾಂಟನ್ನಿನಲ್ಲಿ. ಅಪ್ಪ ಅಮ್ಮ ಇಬ್ಬರೂ ಕೆಲಸಕ್ಕೆ ಹೋಗುತ್ತಿದ್ದುದರಿಂದ ನನಗೆ ಅನ್ನ ತಿನ್ನಿಸಿದವರು, ಮಾತು ಕಲಿಸಿದವರು ಚನ್ನಪಟ್ಟಣದಿಂದ ಬಂದು ನಮ್ಮ ಜೊತೆಗೇ ಉಳಿದ ತಾತ ಮತ್ತು ಅಜ್ಜಿ. ನನಗಿಂತ ನನ್ನ ಕನ್ನಡಕ್ಕೆ ವಯಸ್ಸು ಜಾಸ್ತಿ ಎಂದು ಗೆಳತಿಯರು ಇವತ್ತಿಗೂ ಆಡಿಕೊಳ್ಳುತ್ತಾರೆ. ಕಾಲೇಜು ಮುಗಿಸಿ ಮುಂದಿನ ಓದಿಗೆ ಅಪ್ಲೈ ಮಾಡುವ ಮೊದಲು ಸ್ವಲ್ಪ ಕಾಲ ರೋಗಿಗಳ ನಡುವೆ ಕೆಲಸ ಮಾಡಿರಬೇಕಿತ್ತು. ಷಿಕಾಗೋ ಪಕ್ಕದ ಲೊಂಬಾರ್ಡಿನಲ್ಲಿದ್ದ ದೊಡ್ಡಮ್ಮ, “ನಮ್ಮನೇಲಿ ರೂಮು ಖಾಲಿ ಬಿದ್ದಿದೆ, ಬಾರೇ ಪಮ್ಮಿ,” ಎಂದರು. ಹಾಗೆ ಹೋಗಿ ಸೇರಿದ್ದು ಓಕ್ ಬ್ರೂಕಿನ ಆ ಕ್ಲಿನಿಕ್ಕನ್ನು.

ಕ್ಲಿನಿಕ್ಕು ಒಂದು ಆಫೀಸ್ ಪಾರ್ಕಿನ ಎರಡನೇ ಮಹಡಿಯಲ್ಲಿತ್ತು. ಕೆಳಗೊಂದು ಕೊಳ. ಅದರ ದಂಡೆಯ ಮೇಲೆ, ಇಡೀ ಕಟ್ಟಡವೇ ತಮ್ಮದೆಂಬಂತೆ ಅಡ್ಡಾಡುವ ಹೆಬ್ಬಾತುಗಳು. ಅವು ದಾರಿ ಬಿಟ್ಟರೆ ನಮ್ಮ ಪೇಷೆಂಟುಗಳು ಒಳಗೆ ಬಂದ ಹಾಗೆ. ಅಕ್ಟೋಬರಿನಲ್ಲಿ ಕೊಳದ ಸುತ್ತ ಮೇಪಲ್ ಎಲೆಗಳು ಕುಂಕುಮದ ಬಣ್ಣಕ್ಕೆ ತಿರುಗಿದ್ದವು. ನವೆಂಬರಿನಲ್ಲಿ ಎಲ್ಲ ಉದುರಿ, ಕಿಟಕಿಯಾಚೆ ಬರೀ ಬೂದು ಆಕಾಶ, ಬೂದು ನೀರು. ಒಳಗಡೆ ಮಾತ್ರ ಹೀಟರಿನ ಬೆಚ್ಚನೆ ಗಾಳಿ, ಯಂತ್ರದ ಸಣ್ಣ ಗುಂಯ್‌ಗುಡುವಿಕೆ.

ಅಲ್ಲಿ ಹೆಚ್ಚಾಗಿ ಮಾಡುತ್ತಿದ್ದದ್ದು ಪಿಆರ್‌ಪಿ ಚಿಕಿತ್ಸೆ. ಊರಲ್ಲಿ ಡೆಂಗ್ಯೂ ಬಂದಾಗ ಪ್ಲೇಟ್‌ಲೆಟ್ ಇಳಿಯಿತು ಎಂದು ಮನೆಮಂದಿಯೆಲ್ಲ ಕಂಗಾಲಾಗುತ್ತಾರಲ್ಲ, ಅದೇ ಪ್ಲೇಟ್‌ಲೆಟ್ಟಿನ ಕಥೆ ಇದು. ಪೇಷೆಂಟಿನ ತೋಳಿನಿಂದ ಸ್ವಲ್ಪ ರಕ್ತ ತೆಗೆದು, ಆ ಕೊಳವೆಗಳನ್ನು ಗಿರಗಿರನೆ ತಿರುಗುವ ಯಂತ್ರದಲ್ಲಿಡುವುದು ನನ್ನ ಕೆಲಸ. ಯಂತ್ರ ನಿಂತಾಗ ಕೆಂಪೆಲ್ಲ ತಳಕ್ಕಿಳಿದು ಮೇಲೆ ಹೊಂಬಣ್ಣದ ತಿಳಿ ನಿಂತಿರುತ್ತದೆ. ಗಾಯ ಮಾಯಿಸಲು ನಮ್ಮ ಮೈಯಲ್ಲಿ ಓಡಾಡುವ ಪ್ಲೇಟ್‌ಲೆಟ್ಟುಗಳು ಆ ತಿಳಿಯಲ್ಲಿ ದಟ್ಟವಾಗಿ ಸೇರಿರುತ್ತವೆ. ಅದನ್ನು ಸಿರಿಂಜಿಗೆ ಎಳೆದುಕೊಂಡು ಡಾಕ್ಟರು ಅದೇ ಮನುಷ್ಯನ ಸವೆದ ಮಂಡಿಗೋ, ನೋಯುವ ಮೊಣಕೈಗೋ, ಕೂದಲು ತೆಳುವಾದ ನೆತ್ತಿಗೋ, ಬಾಡಿದ ಕೆನ್ನೆಗೋ ಚುಚ್ಚುತ್ತಾರೆ. ಇದನ್ನು ನನ್ನ ಅಜ್ಜಿಗೆ ಫೋನಿನಲ್ಲಿ ವಿವರಿಸಿದಾಗ, “ಅವರ ಮನೆ ಮೊಸರನ್ನೇ ಕಡೆದು ಅವರಿಗೇ ಬೆಣ್ಣೆ ಕೊಡ್ತೀರಿ ಅನ್ನು,” ಎಂದು ಒಂದೇ ಮಾತಿನಲ್ಲಿ ಮುಗಿಸಿದರು.

ಡಾಕ್ಟರ್ ಮರಿಯಾ ಪೋಲೆಂಡಿನಿಂದ ಬಂದವರ ಮಗಳು. ನರೆತ ಕೂದಲನ್ನು ಗಂಟು ಹಾಕಿ ಅದರೊಳಗೆ ಪೆನ್ನು ಸಿಕ್ಕಿಸಿಕೊಂಡಿರುತ್ತಿದ್ದರು. ಕೆಲವರಿಗೆ ಗುಣ ಕಾಣುತ್ತದೆ, ಕೆಲವರಿಗೆ ಇಲ್ಲ, ನೀವು ಯಾರ ಪೈಕಿ ಎಂದು ನಾನು ಮೊದಲೇ ಹೇಳಲಾರೆ ಎಂದು ಪ್ರತಿಯೊಬ್ಬರಿಗೂ ಮುಖಕ್ಕೆ ಮುಖ ಕೊಟ್ಟು ಹೇಳುತ್ತಿದ್ದರು. ಇನ್ನು ಅವರ ಸೂಚನೆಗಳು: ನೀರು ಚೆನ್ನಾಗಿ ಕುಡಿದು ಬನ್ನಿ, ನೋವಿನ ಮಾತ್ರೆ ನುಂಗಬೇಡಿ, ತಲೆಗೆ ಮಾಡಿಸಿಕೊಳ್ಳುವವರು ಎಣ್ಣೆ ಹಚ್ಚಬೇಡಿ. ಮೊದಲೆರಡನ್ನು ನಮ್ಮವರು ಪಾಲಿಸುತ್ತಿದ್ದರು. ಮೂರನೆಯದಕ್ಕೆ ಮಾತ್ರ, “ಈ ಚಳೀಲಿ ಒಣತಲೇಲಿ ಹೊರಗೆ ಬಂದ್ರೆ ನೆಗಡಿ ಆಗಲ್ವಾ?” ಎಂಬ ಉತ್ತರ. ಅಂಥ ತಲೆಗಳನ್ನು ಸ್ಪಿರಿಟ್ ಹಾಕಿ ಒರೆಸಿ ಒರೆಸಿಯೇ ನನಗೆ ಆ ವಾಸನೆ ಅಂಟಿಕೊಂಡದ್ದು.

ಹೌದು, ನಮ್ಮವರು ಬರುತ್ತಿದ್ದರು. ಶಾಮ್‌ಬರ್ಗ್, ಸ್ಕೋಕಿ, ನೇಪರ್‌ವಿಲ್ಲಿನ ಕನ್ನಡಿಗರು ತಮ್ಮ ತಮ್ಮ ಹತ್ತಿರದ ಕ್ಲಿನಿಕ್ಕುಗಳನ್ನು ಬಿಟ್ಟು, ಯಾರೂ ಗುರುತಿನವರು ಸಿಗಲಿಕ್ಕಿಲ್ಲ ಎಂದು ಓಕ್ ಬ್ರೂಕಿಗೆ ಬರುತ್ತಿದ್ದರು. ಎಲ್ಲರೂ ಹಾಗೇ ಯೋಚಿಸಿದ್ದರಿಂದ ಎಲ್ಲರೂ ಅಲ್ಲೇ ಸಿಗುತ್ತಿದ್ದರು. ಕೂತ ಕುರ್ಚಿಯಿಂದ ಎದ್ದು ಹೋಗುವ ಹಾಗಿಲ್ಲ, ಮುಖ ತಿರುಗಿಸುವ ಹಾಗಿಲ್ಲ.

“ಏನ್ ಸಾರ್, ಈ ಕಡೆ?”

“ಮಂಡಿ ಕಣ್ರೀ. ನೀವು?”

“ನಂದೂ ಮಂಡೀನೇ.”

ಆಮೇಲೆ ಇಬ್ಬರೂ ತಮ್ಮ ತಮ್ಮ ಮಂಡಿ ಸವರಿಕೊಂಡು ಮೆಟ್ಟಿಲು ಹತ್ತುವ ಕಷ್ಟದ ಬಗ್ಗೆ ಮಾತಾಡುವರು. ನಿಜವಾಗಿ ಮಂಡಿಗೆ ಬಂದವರೂ ಇದ್ದರು, ಸುಳ್ಳು ಹೇಳಬಾರದು. ಆದರೆ ಬಾಗಿಲ ಹಿಂದೆ ಕರೆದುಕೊಂಡು ಹೋದಾಗ ಎಷ್ಟೋ ಜನ ಪ್ಯಾಂಟಿನ ಕಾಲು ಮಡಚುವ ಬದಲು ಟೊಪ್ಪಿ ತೆಗೆಯುತ್ತಿದ್ದರು. ಕ್ಲಿನಿಕ್ಕಿನಲ್ಲಿ ಕಂಡದ್ದನ್ನು ಹೊರಗೆ ಹೇಳುವ ಹಾಗಿಲ್ಲ. ದೊಡ್ಡಮ್ಮನಿಗೂ ನಾನು ಬಾಯಿ ಬಿಡುತ್ತಿರಲಿಲ್ಲ. ಇದನ್ನು ಈಗ ಬರೆಯುತ್ತಿರುವುದು, ಇದರಲ್ಲಿ ಬರುವ ಇಬ್ಬರೂ “ಬರಿ, ಹೆಸರು ಮಾತ್ರ ಬೇರೆ ಹಾಕು” ಎಂದು ಒಪ್ಪಿದ ಮೇಲೆ.

ಮೊದಲನೆಯವನು ರಘು. ಶಾಮ್‌ಬರ್ಗಿನ ಅಪಾರ್ಟ್‌ಮೆಂಟಿನಲ್ಲಿದ್ದ ಬೆಂಗಳೂರಿನ ಹುಡುಗ, ಕಂಪ್ಯೂಟರ್ ಕನ್ಸಲ್ಟೆಂಟು. ಮೂವತ್ತು ದಾಟಿ ಸ್ವಲ್ಪವೇ ಆಗಿತ್ತು. ವಾರಕ್ಕೆರಡು ದಿನ ಬ್ಯಾಡ್ಮಿಂಟನ್ ಆಡುವವನು. ಮಂಡಿಗಳು ಕುದುರೆಯ ಹಾಗೆ. ಆದರೆ ಹಣೆ ಮಾತ್ರ ಮೇಲೆ ಮೇಲೆ ಹೋಗುತ್ತ ನೆತ್ತಿಯನ್ನು ಮುಟ್ಟಲು ಹೊರಟಿತ್ತು. ಡೆಟ್ರಾಯ್ಟ್ ಕಡೆಯ ನೊವೈಯಲ್ಲಿರುವ ಒಂದು ಮನೆಯ ಜೊತೆ ಮದುವೆಯ ಮಾತು ನಡೆದಿತ್ತು. ಹುಡುಗಿ ಸ್ಮಿತಾ. ಕೇಳಿ ನನಗೆ ಅಚ್ಚರಿಯಾಯಿತು: ಭಾನುವಾರದ ಕನ್ನಡ ಕ್ಲಾಸಿನಲ್ಲಿ ನನ್ನ ಪಕ್ಕ ಕೂತು ‘ಳ’ ಬರೆಯಲು ಒದ್ದಾಡಿದವಳು. ಇಬ್ಬರೂ ಒಂದೆರಡು ಸಲ ಭೇಟಿಯಾಗಿದ್ದರು, ದಿನವೂ ಮಾತಾಡುತ್ತಿದ್ದರು. ಹುಡುಗ ಮಾತ್ರ ಯಾವಾಗಲೂ ಟೊಪ್ಪಿಯಲ್ಲಿ.

“ಎಂಗೇಜ್‌ಮೆಂಟ್ ಫೆಬ್ರವರೀಲಿ. ಅಷ್ಟರೊಳಗೆ ಸ್ವಲ್ಪ ಬೆಳೆದ್ರೆ ಸಾಕು,” ಎಂದ, ಮೊದಲ ಸಲ ನಾನು ರಕ್ತ ತೆಗೆಯುವಾಗ.

“ಅವಳಿಗೆ ಹೇಳಿದೀರಾ?”

“ಅವಳು ಇಷ್ಟ ಪಟ್ಟಿದ್ದು ನನ್ನ ಹಳೇ ಫೋಟೋನ. ಅದರಲ್ಲಿ ಕೂದಲಿತ್ತು,” ಎಂದು ಕಿಟಕಿಯ ಕಡೆ ನೋಡಿದ.

ಎರಡನೆಯವರು ಸ್ಕೋಕಿಯ ಸುಲೋಚನಾ ಆಂಟಿ. ಮೈಸೂರಿನವರು, ಐವತ್ತೆಂಟರ ಹತ್ತಿರ. ಮನೆಯಲ್ಲೇ ಬ್ಲೌಸ್ ಹೊಲಿಯುತ್ತಿದ್ದರು. ಷಿಕಾಗೋ ಒಂದೇ ಅಲ್ಲ, ಡೆಟ್ರಾಯ್ಟಿನಿಂದಲೂ ಹೆಂಗಸರು ಅಳತೆ ಕಳಿಸುತ್ತಿದ್ದರು. ಅಂಕಲ್ ತೀರಿಕೊಂಡು ಎರಡು ವರ್ಷ ತುಂಬಿರಲಿಲ್ಲ. ಬಾಯಿ ತುಂಬ ಮಾತು, ಯಾರ ಮನೆಯಲ್ಲಿ ಯಾರಿಗೆ ಹುಷಾರಿಲ್ಲ ಎಂದರೂ ಮೊದಲು ತಿಳಿ ಸಾರು ಹೊತ್ತು ಹೋಗುವವರು ಅವರೇ. ಕ್ಲಿನಿಕ್ಕಿಗೆ ಮಾತ್ರ ಅವರು ದುಪಟ್ಟಾ ಮುಖಕ್ಕೆಳೆದುಕೊಂಡು ಬಂದರು. ಬಂದದ್ದು ಮುಖಕ್ಕೇ: ಕಣ್ಣಿನ ಕೆಳಗೆ, ಕೆನ್ನೆಯ ಮೇಲೆ.

ಅಕ್ಟೋಬರಿನ ಒಂದು ಬೆಳಿಗ್ಗೆ ಇಬ್ಬರೂ ವೇಟಿಂಗ್ ರೂಮಿನಲ್ಲಿ ಎದುರುಬದುರಾದರು. ಆಂಟಿ ರಘುವನ್ನು ಯಾರದೋ ಮನೆಯ ಗೃಹಪ್ರವೇಶದಲ್ಲಿ ನೋಡಿದ್ದರು.

“ನೀನು ಶಾಮ್‌ಬರ್ಗಿನ ರಘು ಅಲ್ವೇನೋ? ಇಲ್ಲೇನು?”

“ಮಂಡಿ ಆಂಟಿ,” ಎಂದ, ಒಂದು ಚೂರೂ ತಡವರಿಸದೆ.

“ಅಯ್ಯೋ ದೇವ್ರೇ, ಈ ವಯಸ್ಸಿಗಾ!”

“ನಿಮ್ಗೆ?”

“ನನಗೂ ಅದೇ ಕಣೋ. ಹೊಲಿಗೆ ಮಿಷನ್ ಪೆಡಲ್ ತುಳಿದು ತುಳಿದು.”

ಅವರ ಮಿಷನ್ನು ಕರೆಂಟಿನದು ಎಂದು ನನಗೆ ಗೊತ್ತಿತ್ತು, ದೊಡ್ಡಮ್ಮನ ಬ್ಲೌಸಿಗೆ ಹೋದಾಗ ನೋಡಿದ್ದೆ. ನಾನು ಕಂಪ್ಯೂಟರಿನ ಪರದೆಯಿಂದ ತಲೆ ಎತ್ತಲಿಲ್ಲ.

ಸುಲೋಚನಾ ಆಂಟಿಯ ಮನಸ್ಸು ಬೆಣ್ಣೆ. ಪಾಪದ ಹುಡುಗ, ಒಂಟಿಯಾಗಿದ್ದಾನೆ, ಇಷ್ಟು ಚಿಕ್ಕ ವಯಸ್ಸಿಗೆ ಮಂಡಿ ಹೋಗಿದೆ ಎಂದು ಅವರು ಕೈಕಟ್ಟಿ ಕೂರಲಿಲ್ಲ. ಮೊದಲು ಅವನ ಅಪಾರ್ಟ್‌ಮೆಂಟಿಗೆ ನೋವಿನ ಎಣ್ಣೆಯ ಬಾಟಲಿ ಹೋಯಿತು. ದೀಪಾವಳಿಯ ದಿನ ನಮ್ಮ ದೊಡ್ಡಮ್ಮನ ಮನೆಯಲ್ಲಿ ಎಲ್ಲರೂ ಚಾಪೆಯ ಮೇಲೆ ಊಟಕ್ಕೆ ಕೂತರೆ, ಅವನೊಬ್ಬನಿಗೆ ಕುರ್ಚಿ ಬಂತು. “ಕೂತ್ಕೋ ಮರಿ, ಸಂಕೋಚ ಪಟ್ಕೋಬೇಡ,” ಎಂದು ಎಂಬತ್ತರ ಮುದುಕರೊಬ್ಬರು ನೆಲದಿಂದಲೇ ಹೇಳಿದರು. ಬ್ಯಾಡ್ಮಿಂಟನ್ ಗುಂಪಿನವರು ಅವನನ್ನು ಸ್ಕೋರ್ ಬರೆಯಲು ಕೂರಿಸಿದರು. ಅವನು ಒಂದು ಸುಳ್ಳಿಗೆ ಕಟ್ಟುಬಿದ್ದು ಕಾರಿನಿಂದ ಇಳಿಯುವಾಗಲೂ “ಅಮ್ಮಾ” ಎನ್ನುವುದನ್ನು ಕಲಿತ. ಅಲ್ಲಿಯವರೆಗೆ ಇದೆಲ್ಲ ನನಗೆ ಬರೀ ತಮಾಷೆ.

ನವೆಂಬರ್ ಕೊನೆಗೆ, ಮೊದಲ ಹಿಮ ಬಿದ್ದ ವಾರ, ಸುಲೋಚನಾ ಆಂಟಿಗೆ ನೊವೈಯ ವತ್ಸಲಾ ಆಂಟಿಯಿಂದ ಫೋನು ಬಂತು. ಸ್ಮಿತಾಳ ಅಮ್ಮ, ಮಗಳ ಬ್ಲೌಸುಗಳ ಅಳತೆ ಹೇಳಲು ಮಾಡಿದ್ದರು. ಹುಡುಗ ಯಾರು ಎಂದು ಅವರು ಇನ್ನೂ ಯಾರಿಗೂ ಹೇಳಿರಲಿಲ್ಲ. ತೋಳಿನ ಉದ್ದ, ಬೆನ್ನಿನ ಡಿಸೈನು ಎಲ್ಲ ಮುಗಿದ ಮೇಲೆ ಊರಿನ ಸುದ್ದಿಗೆ ಬಂದು, ಸುಲೋಚನಾ ಆಂಟಿ ಮರುಕದಿಂದ ಒಂದು ಮಾತು ಹೇಳಿದರು: “ನಮ್ಮ ಶಾಮ್‌ಬರ್ಗಲ್ಲಿ ರಘು ಅಂತ ಒಬ್ಬ ಹುಡುಗ ಇದಾನೆ, ಚಿನ್ನದಂಥೋನು. ಪಾಪ, ಎರಡೂ ಮಂಡಿ ಹೋಗ್ಬಿಟ್ಟಿದೆ. ಓಕ್ ಬ್ರೂಕಿನ ಕ್ಲಿನಿಕ್ಕಲ್ಲಿ ಇಂಜೆಕ್ಷನ್ ಹಾಕಿಸ್ಕೋತಿದಾನೆ.” ಆ ಕಡೆ ಫೋನು ಮೌನವಾಯಿತಂತೆ. ಲೈನು ಕಟ್ಟಾಯಿತೇನೋ ಎಂದು ಇವರು “ಹಲೋ, ಹಲೋ” ಎಂದರಂತೆ.

ಸ್ಮಿತಾಳ ಅಪ್ಪ ನಾಗರಾಜ್ ಅಂಕಲ್ ಇಡೀ ಜನ್ಮ ಡೆಟ್ರಾಯ್ಟಿನಲ್ಲಿ ಕಾರು ಪರೀಕ್ಷೆ ಮಾಡಿದ ಎಂಜಿನಿಯರು. ಅವರ ತೀರ್ಪು ಒಂದೇ ಸಾಲಿನದು: “ಬಾಡಿ ಚೆನ್ನಾಗಿದೆ. ಆದ್ರೆ ಇಷ್ಟು ಹೊಸ ಗಾಡಿಗೆ ಈಗ್ಲೇ ಸಸ್ಪೆನ್ಷನ್ ಹೋಗಿದೆ ಅಂದ್ರೆ ಒಳಗೆ ಇನ್ನೇನಿದ್ಯೋ!” ಮುಚ್ಚಿಟ್ಟಿದ್ದಾರೆ ಎಂಬುದು ಅವರಿಗೆ ಇನ್ನೂ ದೊಡ್ಡ ಸಿಟ್ಟು. ಫೆಬ್ರವರಿಗೆ ಹಾಲ್ ಬುಕ್ ಮಾಡುವುದು ನಿಂತಿತು.

ಒಂದು ಸಂಜೆ ಸ್ಮಿತಾ ನನಗೇ ಫೋನ್ ಮಾಡಿದಳು. ವರ್ಷಗಳ ಮೇಲೆ ಕೇಳಿದ ಧ್ವನಿ.

“ಪಮ್ಮಿ, ಯೂ ವರ್ಕ್ ದೇರ್, ರೈಟ್? ಅವನ ಮಂಡಿಗೆ ಏನಾಗಿದೆ? ಕೇಳಿದ್ರೆ ‘ನಥಿಂಗ್, ನಥಿಂಗ್’ ಅಂತಾನೆ.”

“ಸ್ಮಿತಾ, ನಾನು ಯಾರ ಬಗ್ಗೆನೂ ಏನೂ ಹೇಳೋ ಹಾಗಿಲ್ಲ. ಅಲ್ಲಿಗೆ ಬರ್ತಾನೆ ಅಂತಲೂ ಹೇಳೋ ಹಾಗಿಲ್ಲ, ಬರಲ್ಲ ಅಂತಲೂ.”

“ಅಂದ್ರೆ ತುಂಬಾ ಬ್ಯಾಡ್ ಆಗಿದೆ ಅಂತ ತಾನೆ?”

“ನಾನು ಹಾಗಂದ್ನಾ?”

“ಹಾಗಲ್ಲ ಅಂತಲೂ ಅನ್ಲಿಲ್ವಲ್ಲ!” ಅವಳ ಧ್ವನಿ ಒಡೆಯಿತು. “ಮಂಡಿ ಹೋಗಿದ್ರೆ ಹೋಗ್ಲಿ ಕಣೆ. ನನ್ನ ಹತ್ರ ಸುಳ್ಳು ಹೇಳೋನ ಜೊತೆ ಹೇಗೆ ಇರೋದು?”

ಅವನನ್ನು ಅವಳು ಎಷ್ಟು ಹಚ್ಚಿಕೊಂಡಿದ್ದಾಳೆಂದು ನನಗೆ ಗೊತ್ತಾದದ್ದು ಆಗಲೇ. ಮಾತು ನನ್ನ ನಾಲಿಗೆಯ ತುದಿಯಲ್ಲಿತ್ತು. ಹೇಳಲಿಲ್ಲ. ಫೋನಿಟ್ಟು ದೊಡ್ಡಮ್ಮನ ಮನೆಯ ಹಿಂದಿನ ಮರದ ಡೆಕ್ಕಿನ ಮೇಲೆ ಹಿಮ ಬೀಳುವುದನ್ನು ನೋಡುತ್ತ ನಿಂತೆ. ಆ ವರ್ಷದ ಹಿಮವೂ ಹಾಗೇ, ಸದ್ದಿಲ್ಲದೆ ಬಂದು ನೋಡನೋಡುತ್ತಲೇ ಮೆಟ್ಟಿಲು ಮುಚ್ಚಿಬಿಡುತ್ತಿತ್ತು.

ಸಂಕ್ರಾಂತಿಯ ವಾರ ಬಂತು. ಹಿಂದಿನ ದಿನದ ಹಿಮಗಾಳಿಯಿಂದ ಅಪಾಯಿಂಟ್‌ಮೆಂಟುಗಳೆಲ್ಲ ಕಲಸಿಹೋಗಿ, ಬೇರೆ ಬೇರೆ ದಿನಕ್ಕಿದ್ದವರೆಲ್ಲ ಒಂದೇ ಬೆಳಿಗ್ಗೆ ಬಂದಿದ್ದರು. ರಘು ಒಂದು ರೂಮಿನಲ್ಲಿ, ಸುಲೋಚನಾ ಆಂಟಿ ಪಕ್ಕದ ರೂಮಿನಲ್ಲಿ. ರಘು ಸೊರಗಿದ್ದ.

“ಇದೇ ಕೊನೆ. ಕೂದಲು ಬಂದ್ರೂ ಯಾರಿಗೆ ತೋರಿಸ್ಲಿ?” ಎಂದ. “ನೊವೈಯವ್ರು ಬೇಡ ಅಂತಿದಾರೆ. ಮಂಡಿ ಸರಿ ಇಲ್ವಂತೆ, ನನ್ನ ಮಂಡಿ!”

“ನಿಜ ಹೇಳ್ಬಿಡಿ.”

“ಈಗ ‘ಮಂಡಿ ಅಲ್ಲ, ಕೂದಲು’ ಅಂದ್ರೆ ಯಾರು ನಂಬ್ತಾರೆ? ಮಂಡಿ ಮುಚ್ಚಿಡೋಕೆ ಹೊಸ ಕಥೆ ಕಟ್ಟಿದಾನೆ ಅಂತಾರೆ.”

ಅದು ನಿಜವಾಗಿತ್ತು. ಹಾಗಲ್ಲ ಎಂದು ಸಾಕ್ಷಿ ಹೇಳಬಲ್ಲವಳು ನಾನು, ನನಗೋ ಬಾಯಿ ತೆರೆಯುವ ಹಾಗಿಲ್ಲ.

ಚಿಕಿತ್ಸೆ ಮುಗಿಯಿತು. ಅವನು ಬಾಗಿಲು ತೆರೆದ. ಅದೇ ಗಳಿಗೆಗೆ ಪಕ್ಕದ ಬಾಗಿಲೂ ತೆರೆಯಿತು. ಕಾರಿಡಾರಿನಲ್ಲಿ ಇಬ್ಬರೂ ಎದುರೆದುರು. ಇವನ ತಲೆ ಒದ್ದೆ, ತೆಳುಗೂದಲ ನಡುವೆ ಸೂಜಿ ತಾಗಿದ ಕಡೆಯಲ್ಲೆಲ್ಲ ಸಾಸಿವೆಯಷ್ಟು ರಕ್ತದ ಚುಕ್ಕೆ. ಅವರ ಮುಖ ಸೊಳ್ಳೆ ಪರದೆ ಇಲ್ಲದೆ ಮಲಗಿದವರ ಹಾಗೆ ಕೆಂಪು ಕೆಂಪು. ಇಬ್ಬರ ಕಾಲುಗಳೂ ನೆಟ್ಟಗೆ, ಗಟ್ಟಿಯಾಗಿ ನಿಂತಿದ್ದವು.

ಇವನು ಟೊಪ್ಪಿಗೆ ತಡಕಾಡಿದ, ಅವರು ದುಪಟ್ಟಾ ಮುಖಕ್ಕೆಳೆಯಲು ಹೋದರು. ಆಮೇಲೆ ರಘು ಕೇಳಿದ, “ಮಂಡಿ ಹೇಗಿದೆ ಆಂಟಿ?”

“ಪರವಾಗಿಲ್ಲಪ್ಪ. ನಿಂದು?”

ಆಂಟಿಗೇ ಮೊದಲು ತಡೆಯಲಾಗಲಿಲ್ಲ. ಗೋಡೆ ಹಿಡಿದು ನಕ್ಕರು, ನಗುವಾಗ ಕೆನ್ನೆ ಉರಿದು “ಅಯ್ಯಯ್ಯೋ” ಎಂದರು, ಮತ್ತೆ ನಕ್ಕರು. ಒಳಗಿನಿಂದ ಬಂದ ಡಾಕ್ಟರ್ ಮರಿಯಾ ಏನೆಂದು ತಿಳಿಯದೆ ಅವರಿಗೆ ನೀರು ತರಿಸಿದರು. ನಗದೆ ನಿಂತಿದ್ದವನು ರಘು ಒಬ್ಬನೇ. “ಆಂಟಿ, ನೊವೈಯವ್ರಿಗೆ ನನ್ನ ಮಂಡಿ ವಿಷ್ಯ ಹೇಳಿದ್ದು ನೀವಾ?” ಎಂದ.

ಆಂಟಿಯ ನಗು ನಿಂತಿತು. ವತ್ಸಲಾ ಆಂಟಿಯ ಫೋನು, ಆ ಮೌನ, ಹೊಲಿದಿಟ್ಟರೂ ಯಾರೂ ಕೇಳದ ಬ್ಲೌಸುಗಳು, ಎಲ್ಲ ಅವರಿಗೆ ಒಮ್ಮೆಗೇ ಹೊಳೆದಿರಬೇಕು. ಅಲ್ಲೇ ಇದ್ದ ಸ್ಟೂಲಿನ ಮೇಲೆ ಕೂತುಬಿಟ್ಟರು. ಎದ್ದಾಗ ದುಪಟ್ಟಾ ಹೆಗಲ ಮೇಲಿತ್ತು, ಮುಖದ ಮೇಲಲ್ಲ. “ಪಮ್ಮಿ, ಈ ಶನಿವಾರ ರಜಾ ಇದ್ಯಾ? ನನಗೆ ಹೈವೇ ಡ್ರೈವ್ ಮಾಡೋಕೆ ಭಯ. ನೊವೈಗೆ ಕರ್ಕೊಂಡು ಹೋಗು. ಎಳ್ಳು ಬೀರೋದಿದೆ, ಬ್ಲೌಸ್ ಕೊಡೋದಿದೆ. ರಘು, ನೀನೂ ಬಾ.”

ಶನಿವಾರ ಮೂವರೂ ಹೊರಟೆವು. ರಘು ಮುಂದೆ ಉಣ್ಣೆಯ ಟೊಪ್ಪಿಯಲ್ಲಿ, ಆಂಟಿ ಹಿಂದೆ ಬ್ಲೌಸಿನ ಚೀಲ, ಎಳ್ಳು ಬೆಲ್ಲದ ಡಬ್ಬಿ, ಪುಳಿಯೋಗರೆಯ ಕ್ಯಾರಿಯರಿನ ನಡುವೆ. ಇಂಡಿಯಾನಾ ದಾಟಿ ಮಿಷಿಗನ್ನಿಗೆ ಬಂದದ್ದೇ ಮಿಷಿಗನ್ ಸರೋವರದ ಕಡೆಯಿಂದ ಹಿಮ ಬೀಸತೊಡಗಿತು. ಮುಂದಿನ ಟ್ರಕ್ಕಿನ ಕೆಂಪು ದೀಪವನ್ನು ನೋಡಿಕೊಂಡು ಮೂವತ್ತು ಮೈಲಿ ವೇಗದಲ್ಲಿ ತೆವಳಿದೆವು. 

“ಆಂಟಿ, ನಾನೇ ಹೇಳ್ತೀನಿ. ನಿಮಗೆ ಯಾಕೆ ತೊಂದರೆ?” ಎಂದ ರಘು.

“ನೀನು ಹೇಳಿದ್ರೆ ನಂಬಲ್ಲ. ಇವಳು ಹೇಳೋ ಹಾಗಿಲ್ಲ. ಅಲ್ಲಿ ಕೂತು ನೋಡಿದೋಳು ನಾನು. ನನ್ನದನ್ನ ಹೇಳಿದ್ರೆ ನಿನ್ನದು ನಂಬ್ತಾರೆ.”

“ನಿಮ್ಮ ಬಗ್ಗೆ ಮಾತಾಡ್ಕೋತಾರೆ.”

“ಆಡ್ಕೋತಾರೆ. ಗಂಡ ಹೋಗಿ ಎರಡು ವರ್ಷ ಆಗಿಲ್ಲ, ಇವಳಿಗೆ ಮುಖದ ಶೋಕಿ ಅಂತಾರೆ.” ಬ್ಲೌಸಿನ ಚೀಲವನ್ನು ಪಕ್ಕಕ್ಕೆ ಸರಿಸಿ ಅವರೇ ಮುಂದುವರಿಸಿದರು. “ಕಸ್ಟಮರ್‌ನ ಕನ್ನಡಿ ಮುಂದೆ ನಿಲ್ಸಿ ಫಿಟ್ಟಿಂಗ್ ನೋಡ್ತೀನಲ್ಲ, ಅವರ ಹೆಗಲ ಮೇಲಿಂದ ನನ್ನ ಮುಖ ಕಾಣ್ಸುತ್ತೆ ಕಣೋ. ನಮ್ಮೆಜಮಾನ್ರು ಆಸ್ಪತ್ರೇಲಿದ್ದ ದಿನ ಎಲ್ಲ ಅದರ ಮೇಲೇ ಕೂತಿದೆ. ಅದನ್ನ ದಿನಾ ನೋಡೋಕಾಗ್ದೆ ಬಂದೆ. ಚೆಂದ ಕಾಣೋಕೆ ಅಂತಲೇ ಅಂದ್ಕೊಂಡ್ರೂ ತಪ್ಪೇನು ಬಿಡು.”

ರಘು ಹಿಂದಕ್ಕೆ ತಿರುಗಿ ಅವರ ಕೈ ಹಿಡಿದುಕೊಂಡ. ಕಲಮಜೂ ಹತ್ತಿರ ಹಿಮ ನಿಂತು ಬಿಸಿಲು ಬಂತು. ರೆಸ್ಟ್ ಏರಿಯಾದಲ್ಲಿ ಕಾರಿನೊಳಗೇ ಕೂತು ಪುಳಿಯೋಗರೆ ತಿಂದೆವು. ಅಷ್ಟು ರುಚಿಯಾದ ಪುಳಿಯೋಗರೆಯನ್ನು ನಾನು ಆಮೇಲೆ ತಿಂದಿಲ್ಲ.

ನೊವೈಯ ಮನೆಯ ಬಾಗಿಲಲ್ಲಿ ಆಂಟಿ ಎಳ್ಳು ಬೆಲ್ಲದ ಡಬ್ಬಿಯನ್ನು ನನ್ನ ಕೈಗಿತ್ತು ಹಿಂದೆ ಸರಿದರು. ಒಳಗಿನಿಂದ ನಾಗರಾಜ್ ಅಂಕಲ್ ಅವರ ತಾಯಿ, ನಾವೆಲ್ಲ ಅಜ್ಜಿ ಎನ್ನುತ್ತಿದ್ದವರು, ನೋಡಿಬಿಟ್ಟರು. “ತಂದೋಳು ನೀನು, ಕೊಡೋಳು ಅವಳಾ? ನೀನೇ ಕೊಡು ಬಾರಮ್ಮ,” ಎಂದರು. ಅಜ್ಜಿಯ ಹಣೆಯೂ ಆಂಟಿಯದರ ಹಾಗೆ ಖಾಲಿಯೇ. ಆಂಟಿ ಡಬ್ಬಿ ವಾಪಸು ತೆಗೆದುಕೊಂಡರು.

ಇತ್ತ ರಘು ಬೂಟು ಬಿಚ್ಚಲು ಒಂಟಿ ಕಾಲಿನಲ್ಲಿ ನಿಂತ. ಇಡೀ ಮನೆ ಉಸಿರು ಬಿಗಿಹಿಡಿದು ಆ ಕಾಲನ್ನು ನೋಡಿತು. ನಾಗರಾಜ್ ಅಂಕಲ್ ಬಗ್ಗಿಯೇ ನೋಡಿದರು. “ನಿಧಾನ, ನಿಧಾನ. ಚೇರ್ ತರ್ಲಾ?” ಎಂದ ಅವರ ಧ್ವನಿಯಲ್ಲಿ ವಿಚಾರಣೆಯಿತ್ತು. ಸ್ಮಿತಾ ಮೆಟ್ಟಿಲ ಮೇಲೆ ನಿಂತಿದ್ದಳು, ಕೆಳಗಿಳಿಯಲಿಲ್ಲ.

ಕಾಫಿ ಬಂತು. ಯಾರೂ ಮುಟ್ಟುವ ಮೊದಲೇ ಸುಲೋಚನಾ ಆಂಟಿ ಶುರು ಮಾಡಿದರು. “ವತ್ಸಲಾ, ನಾನು ಫೋನಲ್ಲಿ ಹೇಳಿದ್ದು ತಪ್ಪು. ಇವನ ಮಂಡಿಗೆ ಏನೂ ಆಗಿಲ್ಲ. ನನ್ನ ಮಂಡಿಗೂ ಆಗಿಲ್ಲ. ಇವನು ಅಲ್ಲಿಗೆ ಬರ್ತಿದ್ದಿದ್ದು ತಲೆ ಕೂದಲಿಗೆ. ನಾಚ್ಕೊಂಡು ಮಂಡಿ ಅಂದ. ನಾನೂ ನಾಚ್ಕೊಂಡು ಮಂಡಿ ಅಂದೆ.”

“ನೀವು ಯಾತಕ್ಕೆ ಹೋಗಿದ್ರಿ?” ವತ್ಸಲಾ ಆಂಟಿ ಕೇಳಿದರು.

“ಮುಖಕ್ಕೆ.”

ಆ ಒಂದು ಪದ ಹೇಳುವಾಗ ಅವರು ಯಾರನ್ನೂ ನೋಡಲಿಲ್ಲ, ಕಾಫಿಯ ಲೋಟವನ್ನು ನೋಡಿದರು. ರಘು ಮೆಲ್ಲನೆ ಟೊಪ್ಪಿ ತೆಗೆದು ತೊಡೆಯ ಮೇಲಿಟ್ಟುಕೊಂಡ. ಕಿಟಕಿಯ ಬಿಸಿಲು ನೇರವಾಗಿ ಅವನ ನೆತ್ತಿಗೇ ಬೀಳುತ್ತಿತ್ತು.

“ಅಂದ್ರೆ,” ನಾಗರಾಜ್ ಅಂಕಲ್ ಗಂಟಲು ಸರಿಮಾಡಿಕೊಂಡರು, “ಸಸ್ಪೆನ್ಷನ್ ಸರಿ ಇದೆ?”

“ಸರಿ ಇದೆ ಅಂಕಲ್.”

“ಮೇಲಿನ ಪೇಂಟ್ ಮಾತ್ರ?”

“ಮೇಲಿನ ಪೇಂಟ್ ಮಾತ್ರ.”

ಅಂಕಲ್ ತಮ್ಮ ತಲೆಯನ್ನೊಮ್ಮೆ ಸವರಿಕೊಂಡರು. ಅಲ್ಲಿ ಸವರುವಂಥದ್ದು ಏನೂ ಉಳಿದಿರಲಿಲ್ಲ. “ಪೇಂಟ್ ಹೋದ್ರೆ ಗಾಡಿ ಓಡಲ್ಲ ಅಂತ ಏನಿಲ್ಲ,” ಎಂದರು ಗಂಭೀರವಾಗಿ.

ಸ್ಮಿತಾ ಆಗ ಕೆಳಗಿಳಿದು ಬಂದಳು. ಅಳುತ್ತಿದ್ದಳೋ ಸಿಟ್ಟಿನಲ್ಲಿದ್ದಳೋ ಹೇಳುವುದು ಕಷ್ಟ. “ನಾನು ಕೇಳ್ದಾಗ ಯಾಕೆ ಹೇಳ್ಲಿಲ್ಲ?” ಎಂದು ರಘುವನ್ನು ಕೇಳಿದಳು. “ಎಲ್ಲರ ಮುಂದೆ ಆಂಟಿ ಹೇಳ್ಬೇಕಾಯ್ತಾ?”

“ಭಯ ಆಯ್ತು,” ಎಂದ ಅವನು. ಬೇರೆ ಏನೂ ಸೇರಿಸಲಿಲ್ಲ. ಅದೊಂದನ್ನು ಅವನು ಸರಿಯಾಗಿ ಮಾಡಿದ.

ಅವಳು ಕೋಟು ಹಾಕಿಕೊಂಡಳು. “ಬಾ. ವಾಕ್ ಹೋಗೋಣ. ಟೊಪ್ಪಿ ಇಲ್ಲೇ ಇರ್ಲಿ.”

“ಹೊರಗೆ ನೀರು ಹೆಪ್ಪುಗಟ್ಟೋ ಚಳಿ ಇದೆ ಕಣೇ,” ಎಂದರು ವತ್ಸಲಾ ಆಂಟಿ. ಬಾಗಿಲು ಮುಚ್ಚಿಕೊಂಡಿತು. ಇಬ್ಬರೂ ಆ ಬಡಾವಣೆಯ ಬಿಳಿ ರಸ್ತೆಯಲ್ಲಿ, ಮಧ್ಯೆ ಒಂದು ಮಾರು ಅಂತರ ಬಿಟ್ಟು ನಡೆದು ತಿರುವಿನಲ್ಲಿ ಮರೆಯಾದರು. ಹಿಮ ಮತ್ತೆ ಸಣ್ಣಗೆ ಬೀಳತೊಡಗಿತು.

ಕಾಯುವುದು ಬಿಟ್ಟು ನಮಗೆ ಕೆಲಸವಿರಲಿಲ್ಲ. ಅಜ್ಜಿ ಎದ್ದು ಬಂದು ಸುಲೋಚನಾ ಆಂಟಿಯ ಮುಂದೆ ನಿಂತರು. ಏನನ್ನುತ್ತಾರೋ ಎಂದು ನಾನು ಹೆದರಿದೆ. ಅಜ್ಜಿ ಅವರ ಗಲ್ಲ ಹಿಡಿದು ಮುಖವನ್ನು ಕಿಟಕಿಯ ಬೆಳಕಿಗೆ ತಿರುಗಿಸಿ, ಒಂದು ಕೆನ್ನೆ ನೋಡಿದರು, ಇನ್ನೊಂದು ನೋಡಿದರು.

“ಬಲಗಡೆ ಕಳೆ ಬಂದಿದೆ. ಎಡಗಡೆ ಇನ್ನೊಂದ್ಸಲ ಹಾಕಿಸ್ಕೋ,” ಎಂದರು. ಆಂಟಿಯ ಕಣ್ಣು ತುಂಬಿಕೊಂಡಿತು. ಅಜ್ಜಿ ನನ್ನ ಕಡೆ ವಾಲಿ, ಸೊಸೆಗೆ ಕೇಳಿಸದ ಹಾಗೆ ಪಿಸುಗುಟ್ಟಿದರು: “ನನ್ನ ವಯಸ್ಸಿನೋರಿಗೂ ಹಾಕ್ತಾರೇನೆ?”

ಅರ್ಧ ಗಂಟೆ ಕಳೆಯಿತು, ಇನ್ನೂ ಸ್ವಲ್ಪ ಕಳೆಯಿತು. ಕಾಫಿ ಆರಿ ಮತ್ತೆ ಬಿಸಿಯಾಯಿತು. ನಾಗರಾಜ್ ಅಂಕಲ್ ನಾಲ್ಕು ಸಲ ಡ್ರೈವ್‌ವೇ ನೋಡಿ ಬಂದರು. ಆಂಟಿ ಬ್ಲೌಸುಗಳನ್ನು ಚೀಲದಿಂದ ತೆಗೆಯುವುದೋ ಬೇಡವೋ ಎಂದು ಕೈ ಒಳಗಿಟ್ಟುಕೊಂಡೇ ಕೂತಿದ್ದರು.

“ಬರ್ತಾ ಇದಾರೆ,” ಎಂದರು ಕಿಟಕಿಯಲ್ಲಿದ್ದ ಅಜ್ಜಿ. “ಯಾರೂ ಅವನ ತಲೆ ನೋಡ್ಬೇಡಿ!”

ನಾವೆಲ್ಲ ಅವಸರವಾಗಿ ಬೇರೆ ಕಡೆ ತಿರುಗಿದೆವು. ಒಬ್ಬರು ಕ್ಯಾಲೆಂಡರು, ಒಬ್ಬರು ಎಳ್ಳಿನ ತಟ್ಟೆ, ಅಂಕಲ್ ಸುಮ್ಮನೆ ಮೇಲಿನ ಸೂರು. ಬಾಗಿಲು ತೆರೆದು ಚಳಿ ಒಳಗೆ ನುಗ್ಗಿತು. ಆಮೇಲೆ ಸ್ಮಿತಾಳ ಧ್ವನಿ, ಬೈಯುವ ಹಾಗೆ, ಮೆಲ್ಲಗೆ: “ಅಲ್ಲಾಡ್ಬೇಡ, ನಿಂತ್ಕೋ.”

ತಡೆಯಲಾರದೆ ಎಲ್ಲರೂ ನೋಡಿದೆವು. ಅವನು ಬಾಗಿಲ ಚಾಪೆಯ ಮೇಲೆ ತಲೆ ಬಗ್ಗಿಸಿ ನಿಂತಿದ್ದ. ಅವಳು ಕೈಗವಸನ್ನು ಹಲ್ಲಿನಲ್ಲಿ ಕಚ್ಚಿ ಬಿಚ್ಚಿ, ಸೂಜಿ ತಾಗಿದ ಜಾಗ ನೋಯಬಾರದೆಂದು ಬರೀ ಬೆರಳ ತುದಿಯಿಂದ, ಅವನ ತೆಳುಗೂದಲ ಮೇಲೆ ಕೂತ ಹಿಮವನ್ನು ಒಂದೊಂದಾಗಿ ತೆಗೆಯುತ್ತಿದ್ದಳು.